ಕೊಡಲಿ, ಬೆಣೆ, ಸುತ್ತಿಗೆ: ಮನೆಯ ಸೌದೆ ಸೀಳುವ ಉಪಕರಣಗಳ ಚರಿತ್ರೆ

(ಕೂಟದ ಶರತ್ಕಾಲದ ಸಭೆಯಲ್ಲಿ ಮಾಡಿದ ಉಪನ್ಯಾಸದ ಲೇಖನರೂಪ)



ಮರಗಳು ಬಣ್ಣ ಬದಲಿಸುವ ಈ ದಿನಗಳಲ್ಲಿ, ಅಮೆರಿಕದ ಈಶಾನ್ಯ ರಾಜ್ಯಗಳಲ್ಲಿ ನೆಲೆಸಿರುವ ನಮ್ಮವರ ಅನೇಕರ ಅಂಗಳದಲ್ಲಿ ಸೌದೆಯ ರಾಶಿ ಬಂದು ಬೀಳುತ್ತದೆ. ಕೆಲವರಿಗೆ ಅದು ಬಿರುಗಾಳಿಗೆ ಉರುಳಿದ ಮರದ ದಿಮ್ಮಿ. ಕೆಲವರಿಗೆ ದುಡ್ಡು ಕೊಟ್ಟು ತರಿಸಿದ್ದು. ಅದನ್ನು ಸೀಳಲು ಆಯುಧ ಬೇಕೆಂದು ಅಂಗಡಿಗೆ ಹೋದರೆ, ಗೋಡೆಯ ಮೇಲೆ ಹತ್ತಾರು ಬಗೆಯವು ತೂಗಾಡುತ್ತಿರುತ್ತವೆ. ಹಗುರವಾದುದು, ಭಾರವಾದುದು, ಮರದ ಹಿಡಿಯದು, ಪ್ಲಾಸ್ಟಿಕ್ ಹಿಡಿಯದು, ಒಂದು ಅಲಗಿನದು, ಎರಡು ಅಲಗಿನದು. ಯಾವುದನ್ನು ಆರಿಸಬೇಕು ಎಂಬ ಪ್ರಶ್ನೆಯನ್ನು ಕಿರಿಯ ಸಂಸಾರಗಳವರು ನಮ್ಮನ್ನು ಕೇಳುವುದುಂಟು. ವೈದ್ಯರನ್ನೇ ಏಕೆ ಕೇಳುತ್ತಾರೆ ಎಂಬುದು ಒಗಟಲ್ಲ. ಆರಿಸಿದ್ದು ತಪ್ಪಾದರೆ ಹೊಲಿಗೆ ಹಾಕಬೇಕಾದವರು ನಾವೇ ತಾನೆ!

ಈ ಪ್ರಶ್ನೆಗೆ ಉತ್ತರವನ್ನು ಬೆಲೆಯ ಚೀಟಿಯಲ್ಲಿ ಹುಡುಕುವುದಕ್ಕಿಂತ ಚರಿತ್ರೆಯಲ್ಲಿ ಹುಡುಕುವುದು ಮೇಲು. ಆ ಗೋಡೆಯ ಮೇಲಿರುವ ಒಂದೊಂದು ಆಕಾರವೂ ಒಂದೊಂದು ಕಾಲದಲ್ಲಿ, ಒಂದೊಂದು ಬಗೆಯ ಒಲೆಗಾಗಿ, ಒಂದೊಂದು ಜಾತಿಯ ಮರಕ್ಕಾಗಿ, ದುಡಿಯುವ ಮನುಷ್ಯನ ಮೈಕಟ್ಟಿಗೆ ತಕ್ಕಂತೆ ಹುಟ್ಟಿದ್ದು. ಒಲೆ, ಮರ, ಮೈ: ಈ ಮೂರನ್ನು ತಿಳಿದವನಿಗೆ ಆಯುಧ ತಾನಾಗಿ ಹೊಳೆಯುತ್ತದೆ ಎಂಬುದೇ ಈ ಉಪನ್ಯಾಸದ ತಾತ್ಪರ್ಯ.

ಕಡಿಯುವುದು ಬೇರೆ, ಸೀಳುವುದು ಬೇರೆ

ನಮ್ಮ ಭಾಷೆ ಈ ವಿಷಯದಲ್ಲಿ ಬಹಳ ಜಾಣತನದ್ದು. ಕಡಿ, ತರಿ, ಕೊಚ್ಚು, ಕೆತ್ತು, ಕೊಯ್ಯಿ, ಸೀಳು, ಒಡೆ ಎಂದು ಕನ್ನಡವು ಏಳೆಂಟು ಕ್ರಿಯಾಪದಗಳನ್ನು ಬೇರೆ ಬೇರೆಯಾಗಿ ಇಟ್ಟುಕೊಂಡಿದೆ. ನಿಂತ ಮರವನ್ನು ಕಡಿಯುತ್ತೇವೆ. ಬಿದ್ದ ಮರವನ್ನು ಗರಗಸದಿಂದ ಕೊಯ್ಯುತ್ತೇವೆ. ಕೊಯ್ದ ತುಂಡನ್ನು ಸೀಳುತ್ತೇವೆ ಅಥವಾ ಒಡೆಯುತ್ತೇವೆ. ‘ಸೌದೆ ಒಡೆ’ ಎನ್ನುವುದೇ ನಮ್ಮ ವಾಡಿಕೆ. ಈ ಮಾತಿನ ಭೇದದಲ್ಲಿ ಒಂದು ಭೌತಶಾಸ್ತ್ರದ ಭೇದ ಅಡಗಿದೆ.

ಮರವೆಂದರೆ ಉದ್ದನೆಯ ಸಣ್ಣ ಕೊಳವೆಗಳ ಕಂತೆ. ಬೇರಿನಿಂದ ಎಲೆಯತ್ತ ನೀರನ್ನು ಒಯ್ಯುವ ಈ ನಾರುಗಳು ತಮ್ಮ ಉದ್ದದ ದಿಕ್ಕಿನಲ್ಲಿ ಬಲು ಗಟ್ಟಿ. ಆದರೆ ಒಂದು ನಾರನ್ನು ಪಕ್ಕದ ನಾರಿಗೆ ಅಂಟಿಸಿರುವ ಬಂಧ ಅಷ್ಟು ಬಲವಾದುದಲ್ಲ. ಕಡಿಯುವಾಗ ನಾರುಗಳನ್ನು ಅಡ್ಡಲಾಗಿ ತುಂಡರಿಸಬೇಕು. ಅದಕ್ಕೆ ತೆಳುವಾದ, ಹರಿತವಾದ ಅಲಗು ಬೇಕು. ಸೀಳುವಾಗ ನಾರುಗಳನ್ನು ತುಂಡರಿಸುವುದಿಲ್ಲ, ಒಂದರಿಂದ ಒಂದನ್ನು ಅಗಲಿಸುತ್ತೇವೆ. ಅದಕ್ಕೆ ದಪ್ಪ ಕೆನ್ನೆಯ ಬೆಣೆ ಬೇಕು. ತೆಳು ಕೊಡಲಿಯಿಂದ ದಪ್ಪ ಕೊರಡನ್ನು ಹೊಡೆದರೆ ಅದು ಆಳಕ್ಕೆ ಇಳಿದು ಕಚ್ಚಿಕೊಂಡು ಕೂರುತ್ತದೆ. ಬೆಣೆಯ ಕೆನ್ನೆಯಾದರೋ ಒಳಹೊಕ್ಕಂತೆಲ್ಲ ಎರಡು ಹೋಳುಗಳನ್ನು ಪಕ್ಕಕ್ಕೆ ನೂಕುತ್ತದೆ. ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಮುಂದಿನ ಚರಿತ್ರೆಯೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ಬಳ್ಳಾರಿಯ ಕಲ್ಲು, ಹಳ್ಳೂರಿನ ಕಬ್ಬಿಣ

ಕೊಡಲಿಯ ಕಥೆಯನ್ನು ಕನ್ನಡಿಗರು ತಮ್ಮ ನೆಲದಿಂದಲೇ ಆರಂಭಿಸಬಹುದು. ಭೂವಿಜ್ಞಾನ ಇಲಾಖೆಯ ರಾಬರ್ಟ್ ಬ್ರೂಸ್ ಫೂಟ್ ಎಂಬವರು 1863ರಲ್ಲಿ ಮದರಾಸಿನ ಬಳಿಯ ಪಲ್ಲಾವರದಲ್ಲಿ ಹಳೆಯ ಶಿಲಾಯುಗದ ಉಪಕರಣವೊಂದನ್ನು ಗುರುತಿಸಿ ಭಾರತದ ಪ್ರಾಗಿತಿಹಾಸಕ್ಕೆ ನಾಂದಿ ಹಾಡಿದರು. ಮುಂದೆ ಅವರು ಬಳ್ಳಾರಿ ಸೀಮೆಯಲ್ಲಿ ನವಶಿಲಾಯುಗದ ನಯಗೊಳಿಸಿದ ಕೊಡಲಿಗಳನ್ನು ಸಂಗ್ರಹಿಸಿದರು. ಬಳ್ಳಾರಿ ಪಟ್ಟಣದ ಹತ್ತಿರದ ಸಂಗನಕಲ್ಲು, ಕುಪ್ಪಗಲ್ಲು ಬೆಟ್ಟಗಳಲ್ಲಿ, ಅದರಲ್ಲೂ ಹಿರೇಗುಡ್ಡದಲ್ಲಿ, ಬೂದು ಬಣ್ಣದ ಗ್ರಾನೈಟ್ ಬಂಡೆಗಳ ನಡುವೆ ಡಾಲರೈಟ್ ಎಂಬ ಕಪ್ಪು ಕಲ್ಲಿನ ಪಟ್ಟೆ ಹಾದುಹೋಗಿದೆ. ಆ ಕಲ್ಲನ್ನು ಒಡೆದು, ಚಕ್ಕೆ ಎಬ್ಬಿಸಿ, ಕುಟ್ಟಿ ಮಟ್ಟಸಗೊಳಿಸಿ, ಬಂಡೆಯ ಮೇಲೆ ಉಜ್ಜಿ ಅಲಗು ಮಾಡಿದವರ ಕಾರ್ಯಾಗಾರ ಅಲ್ಲಿತ್ತು. ಉಜ್ಜಿದ ತೋಡುಗಳು ಬಂಡೆಗಳ ಮೇಲೆ ಉಳಿದಿವೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ನಡೆಸಿದಾಗ, ಅಲ್ಲಿನ ಅತ್ಯಂತ ಕೆಳಗಿನ ನೆಲೆಯ ಸಂಸ್ಕೃತಿಗೆ ಕಲ್ಲುಗೊಡಲಿಯ ಹೆಸರನ್ನೇ ಇಟ್ಟರು. ಅಶೋಕನ ಶಾಸನ ಅಲ್ಲಿಗೆ ಬರುವುದಕ್ಕೆ ಬಹಳ ಮುಂಚೆಯೇ ಕೊಡಲಿ ಬಂದಿತ್ತು.

ಕಲ್ಲಿನ ಕೊಡಲಿಯಿಂದ ಮರ ಕಡಿಯಲು ನಿಜವಾಗಿ ಸಾಧ್ಯವೇ ಎಂಬ ಅನುಮಾನ ಸಹಜ. 1950ರ ದಶಕದಲ್ಲಿ ಡೆನ್ಮಾರ್ಕಿನ ವಿದ್ವಾಂಸರು ಡ್ರಾವೆಡ್ ಅರಣ್ಯದಲ್ಲಿ ಇದನ್ನು ಪರೀಕ್ಷಿಸಿದರು. ವಸ್ತುಸಂಗ್ರಹಾಲಯದ ಹಳೆಯ ಕಲ್ಲಿನ ಅಲಗುಗಳಿಗೆ ಹೊಸ ಹಿಡಿ ಹಾಕಿಸಿ ಅನುಭವಿ ಮರಕಡಿಯುವವರ ಕೈಗೆ ಕೊಟ್ಟರು. ಅವರು ತಮ್ಮ ಉಕ್ಕಿನ ಕೊಡಲಿಯ ರೂಢಿಯಂತೆ ಹೆಗಲಿನಿಂದ ಬೀಸಿ ಹೊಡೆದಾಗ ಅಲಗುಗಳು ಮುರಿದವು. ಮೊಣಕೈ ಮತ್ತು ಮಣಿಕಟ್ಟಿನಿಂದ ಚಿಕ್ಕ ಚಿಕ್ಕ ಏಟುಗಳನ್ನು ಬೇಗ ಬೇಗ ಹಾಕುವುದನ್ನು ಕಲಿತ ಮೇಲೆ, ಮೂವರು ಸೇರಿ ನಾಲ್ಕು ಗಂಟೆಗಳಲ್ಲಿ ಸುಮಾರು ಐನೂರು ಚದರ ಮೀಟರ್ ಬರ್ಚ್ ಕಾಡನ್ನು ಕಡಿದು ಹಾಕಿದರು. ಇದರಿಂದ ಕಲಿಯಬೇಕಾದ ಪಾಠವೊಂದಿದೆ. ಬಲವು ಆಯುಧಕ್ಕೆ ಹೊಂದಿಕೊಳ್ಳಬೇಕೇ ಹೊರತು, ಆಯುಧದ ಮೇಲೆ ಬಲಪ್ರದರ್ಶನ ಸಲ್ಲದು.

ಬಳಿಕ ಕಬ್ಬಿಣ ಬಂತು. ತುಂಗಭದ್ರೆಯ ದಡದ ಹಳ್ಳೂರಿನ ಉತ್ಖನನದಲ್ಲಿ ಕ್ರಿ.ಪೂ. 1000ರ ಸುಮಾರಿನ ಕಬ್ಬಿಣದ ವಸ್ತುಗಳು ದೊರೆತಿವೆ. ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆಯಲ್ಲಿ ಪ್ರವಾಸ ಹೊರಟ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯರು, ಹಳ್ಳಿಗಾಡಿನ ಕುಲುಮೆಗಳಲ್ಲಿ ಕಬ್ಬಿಣ ಕರಗಿಸುವ ಮತ್ತು ಉಕ್ಕು ಮಾಡುವ ವಿಧಾನಗಳನ್ನು ವಿವರವಾಗಿ ಬರೆದಿಟ್ಟಿದ್ದಾರೆ. ಉಕ್ಕು ದುಬಾರಿ, ಕಬ್ಬಿಣ ಅಗ್ಗ. ಆದ್ದರಿಂದ ಮೆದು ಕಬ್ಬಿಣದ ಮೈಗೆ ಉಕ್ಕಿನ ಬಾಯನ್ನು ಬೆಸೆಯುವ ಉಪಾಯವನ್ನು ಜಗತ್ತಿನ ಅನೇಕ ಕಡೆಯ ಕಮ್ಮಾರರು ಕಂಡುಕೊಂಡಿದ್ದರು. ಬಾಯಿ ಗಡುಸಾಗಿರಬೇಕು, ಮೈ ಏಟನ್ನು ತಾಳಿಕೊಳ್ಳುವಂತಿರಬೇಕು.

ಕೊಡಲಿಯ ಅರ್ಧಭಾಗ ಅದರ ಕಾವು. ‘ಕೊಡಲಿ ಕಾವು ಕುಲಕ್ಕೆ ಸಾವು’ ಎಂಬ ಗಾದೆ ನಮ್ಮ ಹಿರಿಯರ ಬಾಯಲ್ಲಿತ್ತು. ಮರದ ಕುಲದಲ್ಲಿ ಹುಟ್ಟಿದ ಹಿಡಿಯೇ ಮರಗಳನ್ನು ಉರುಳಿಸಲು ನೆರವಾಗುತ್ತದೆ ಎಂಬುದು ಅದರ ಇಂಗಿತ. ಆದರೆ ಎಲ್ಲ ಮರವೂ ಕಾವಾಗದು. ಏಟಿನ ಅದಿರನ್ನು ನುಂಗಿಕೊಂಡು ಮುರಿಯದೆ ಬಾಗುವ ಮರ ಬೇಕು. ನಮ್ಮ ಕಾಡುಗಳಲ್ಲಿ ಆ ಗುಣ ದಿಂಡಿಗಕ್ಕೆ ಇದೆ. ಗಾಡಿಯ ಅಚ್ಚಿಗೂ ಕೊಡಲಿಯ ಕಾವಿಗೂ ಅದನ್ನು ಬಳಸುತ್ತಿದ್ದರು. ಅಮೆರಿಕದಲ್ಲಿ ಅದೇ ಸ್ಥಾನ ಹಿಕರಿ ಮರಕ್ಕೆ ಸಂದಿದೆ.

ಅಮೆರಿಕದ ಕೊಡಲಿ

ಈ ದೇಶಕ್ಕೆ ಬಂದ ಮೊದಲ ವಲಸೆಗಾರರು ಯೂರೋಪಿನ ಕೊಡಲಿಯನ್ನೇ ತಂದರು. ಅದರ ಬಾಯಿ ಉದ್ದ, ಬೆನ್ನು ತೆಳು. ತೂಕವೆಲ್ಲ ಮುಂದಕ್ಕೆ ವಾಲಿದ್ದರಿಂದ ಬೀಸುವಾಗ ಅದು ಕೈಯಲ್ಲಿ ಅಲುಗುತ್ತಿತ್ತು. ಹದಿನೆಂಟನೆಯ ಶತಮಾನದಲ್ಲಿ ಇಲ್ಲಿನ ಕಮ್ಮಾರರು ಬಾಯನ್ನು ಮೊಟಕುಮಾಡಿ, ಬೆನ್ನಿಗೆ ದಪ್ಪ ಕಬ್ಬಿಣದ ತೂಕ ಕೂಡಿಸಿದರು. ಹಿಡಿಯ ಎರಡೂ ಬದಿಯಲ್ಲಿ ತೂಕ ಸಮವಾಗಿ, ಏಟು ಇಟ್ಟ ಕಡೆಗೇ ಬೀಳತೊಡಗಿತು. ಇದೇ ‘ಅಮೆರಿಕನ್ ಕೊಡಲಿ’ ಎಂದು ಹೆಸರಾಯಿತು. ವಲಸೆ ಬಂದವರ ಕೈಯಲ್ಲಿ ಊರಿನ ಉಪಕರಣ ಹೊಸ ನೆಲಕ್ಕೆ ತಕ್ಕಂತೆ ಬದಲಾದದ್ದಕ್ಕೆ ಇದೊಂದು ಒಳ್ಳೆಯ ಉದಾಹರಣೆ. ವಲಸಿಗರಾದ ನಮಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

1826ರಲ್ಲಿ ಕನೆಕ್ಟಿಕಟ್ ರಾಜ್ಯದ ಕ್ಯಾಂಟನ್ ಎಂಬಲ್ಲಿ ಕಾಲಿನ್ಸ್ ಸೋದರರು ಮತ್ತು ಅವರ ಬಂಧುವೊಬ್ಬರು ಕೊಡಲಿಯ ಕಾರ್ಖಾನೆ ತೆರೆದರು. ಅದುವರೆಗೆ ಕೊಡಲಿಯನ್ನು ಕೊಂಡವನು ತಾನೇ ಸಾಣೆ ಹಿಡಿದು ಬಾಯಿ ಮಾಡಿಕೊಳ್ಳಬೇಕಿತ್ತು. ಕಾಲಿನ್ಸ್‌ನವರು ಹರಿತಗೊಳಿಸಿದ ಕೊಡಲಿಯನ್ನೇ ಮಾರಾಟಕ್ಕೆ ಇಟ್ಟರು. 1830ರ ದಶಕದಲ್ಲಿ ಎಲೈಷಾ ರೂಟ್ ಎಂಬ ಕುಶಲಿ ಅಲ್ಲಿಗೆ ಬಂದು ಯಂತ್ರಗಳಿಂದ ಕೊಡಲಿ ತಯಾರಿಸುವ ಕ್ರಮವನ್ನು ಬೆಳೆಸಿದರು. ಕಾರ್ಖಾನೆಯ ಸುತ್ತ ಕಾಲಿನ್ಸ್‌ವಿಲ್ ಎಂಬ ಊರೇ ಬೆಳೆಯಿತು. 1966ರಲ್ಲಿ ಕಾರ್ಖಾನೆ ಮುಚ್ಚಿತು. ಹಳೆಯ ಸಾಮಾನಿನ ಸಂತೆಗಳಲ್ಲಿ ಅದರ ಮುದ್ರೆಯಿರುವ ಕೊಡಲಿಗಳನ್ನು ಇಂದಿಗೂ ಕಾಣಬಹುದು.

ಆದರೆ ನೆನಪಿಡಬೇಕಾದ ಮಾತೊಂದಿದೆ: ಆ ಪ್ರಸಿದ್ಧ ಕೊಡಲಿ ಮುಖ್ಯವಾಗಿ ಕಾಡು ಕಡಿಯಲು ಹುಟ್ಟಿದ್ದು, ಸೀಳುವ ದೊಡ್ಡ ಕೆಲಸಕ್ಕೆ ಅಲ್ಲ. ಅಬ್ರಹಾಂ ಲಿಂಕನ್ನರ ಉದಾಹರಣೆ ನೋಡೋಣ. 1860ರ ಮೇ ತಿಂಗಳಲ್ಲಿ ಇಲಿನಾಯ್ ರಾಜ್ಯದ ಡಿಕೇಟರ್ ಎಂಬಲ್ಲಿ ನಡೆದ ಪಕ್ಷದ ಸಮ್ಮೇಳನಕ್ಕೆ, ಲಿಂಕನ್ನರ ಬಂಧು ಜಾನ್ ಹ್ಯಾಂಕ್ಸ್ ಎಂಬವರು ಎರಡು ಬೇಲಿಗಳಗಳನ್ನು ಹೊತ್ತು ತಂದರು. ಅವು 1830ರಲ್ಲಿ ತಾವೂ ಲಿಂಕನ್ನರೂ ಸೀಳಿದವುಗಳೆಂಬುದು ಅವರ ಹೇಳಿಕೆ. ಅಂದಿನಿಂದ ಲಿಂಕನ್ನರಿಗೆ ‘ಗಳ ಸೀಳುವವ’ ಎಂಬ ಬಿರುದು ಅಂಟಿಕೊಂಡಿತು. ಚಿತ್ರಗಾರರು ಅವರ ಕೈಗೆ ಕೊಡಲಿ ಕೊಟ್ಟು ಚಿತ್ರ ಬರೆದರು. ಆದರೆ ಹತ್ತು ಅಡಿಯ ದಿಮ್ಮಿಯನ್ನು ಕೊಡಲಿಯಿಂದಷ್ಟೇ ಸೀಳಿ ಗಳ ಮಾಡಲಾಗದು. ದಿಮ್ಮಿಯ ತುದಿಯಲ್ಲಿ ಬಿರುಕು ಮಾಡಿ, ಕಬ್ಬಿಣದ ಬೆಣೆಯನ್ನು ಮರದ ದೊಡ್ಡ ಸುತ್ತಿಗೆಯಿಂದ ಬಡಿದು, ಬಿರುಕು ಓಡಿದ ಕಡೆಗೆ ಒಂದೊಂದಾಗಿ ಮರದ ಬೆಣೆಗಳನ್ನು ಇಳಿಸುತ್ತ ಹೋಗಬೇಕು. ಜನಪ್ರಿಯವಾದ ಚಿತ್ರದಲ್ಲಿ ಕೊಡಲಿ ಉಳಿಯಿತು. ನಿಜವಾದ ಕೆಲಸ ಮಾಡಿದ ಬೆಣೆ ಮರೆಯಾಯಿತು.

ಬೆಣೆಯ ವಿಷಯದಲ್ಲಿ ನಮ್ಮ ಪಂಚತಂತ್ರಕ್ಕೆ ಮರೆವಿಲ್ಲ. ಬಡಗಿಗಳು ಅರ್ಧ ಕೊಯ್ದ ದಿಮ್ಮಿಯಲ್ಲಿ ಬೆಣೆ ಇಟ್ಟು ಊಟಕ್ಕೆ ಹೋದಾಗ, ಕೋತಿಯೊಂದು ಆ ಬಿರುಕಿನಲ್ಲಿ ಕುಳಿತು ಬೆಣೆಯನ್ನು ಕಿತ್ತು ಪ್ರಾಣ ಕಳೆದುಕೊಂಡ ಕಥೆಯನ್ನು ನಮ್ಮ ಮಕ್ಕಳು ಬಲ್ಲರು. ಸಂಬಂಧವಿಲ್ಲದ ಕೆಲಸಕ್ಕೆ ಕೈಹಾಕಬಾರದೆಂಬುದು ಅದರ ನೀತಿ. ಅದನ್ನೇ ಉಪಕರಣಶಾಸ್ತ್ರದ ದೃಷ್ಟಿಯಿಂದ ಓದಿದರೆ, ಸೀಳಿದ ಮರದೊಳಗೆ ಎಷ್ಟು ಬಲ ಬಿಗಿಯಾಗಿ ಕಾದಿರುತ್ತದೆ ಎಂಬುದರ ಎಚ್ಚರಿಕೆಯೂ ಅಲ್ಲಿದೆ.

ಒಲೆ ಬದಲಾಯಿತು, ಆಯುಧ ಬದಲಾಯಿತು

ವಸಾಹತುಗಳ ಕಾಲದ ನ್ಯೂ ಇಂಗ್ಲೆಂಡಿನಲ್ಲಿ ಒಂದು ಮನೆ ವರ್ಷಕ್ಕೆ ಮೂವತ್ತು ನಲವತ್ತು ಕಾರ್ಡ್ ಸೌದೆ ಉರಿಸುತ್ತಿತ್ತೆಂದು ಇತಿಹಾಸಕಾರರ ಅಂದಾಜು. ನಾಲ್ಕು ಅಡಿ ಅಗಲ, ನಾಲ್ಕು ಅಡಿ ಎತ್ತರ, ಎಂಟು ಅಡಿ ಉದ್ದದ ಒಟ್ಟಿಲು ಒಂದು ಕಾರ್ಡ್. ಅಂದರೆ 128 ಘನ ಅಡಿ. ಇಷ್ಟೊಂದು ಸೌದೆ ಏಕೆ ಬೇಕಾಯಿತೆಂದರೆ, ಆ ಕಾಲದ ಒಲೆ ಗೋಡೆಯಲ್ಲಿನ ದೊಡ್ಡ ಗುಹೆಯಂತಿತ್ತು; ಶಾಖದ ಬಹುಭಾಗ ಹೊಗೆಗೂಡಿನ ಮೂಲಕ ಆಕಾಶ ಸೇರುತ್ತಿತ್ತು. ಅಂಥ ಒಲೆಯ ಹಿಂಬದಿಗೆ ಇಡೀ ದಿಮ್ಮಿಯನ್ನೇ ಉರುಳಿಸಬಹುದಿತ್ತು. ಅದನ್ನು ಸಣ್ಣದಾಗಿ ಸೀಳುವ ಅಗತ್ಯ ಇರಲಿಲ್ಲ.

ಬೆಂಜಮಿನ್ ಫ್ರಾಂಕ್ಲಿನ್ನರು ಕಬ್ಬಿಣದ ಹಲಗೆಗಳ ಒಲೆಯೊಂದನ್ನು ರೂಪಿಸಿ 1744ರಲ್ಲಿ ಅದರ ವಿವರಣೆಯನ್ನು ಅಚ್ಚು ಹಾಕಿಸಿದರು. ಪಟ್ಟಣಗಳ ಸುತ್ತ ಸೌದೆ ದೂರವಾಗುತ್ತಿದೆ, ತುಟ್ಟಿಯಾಗುತ್ತಿದೆ ಎಂಬುದು ಅವರ ಚಿಂತೆಗಳಲ್ಲಿ ಒಂದು. ಹತ್ತೊಂಬತ್ತನೆಯ ಶತಮಾನದ ಮಧ್ಯದ ಹೊತ್ತಿಗೆ ಎರಕದ ಕಬ್ಬಿಣದ ಮುಚ್ಚಿದ ಒಲೆಗಳು ಮನೆಮನೆಗೆ ಬಂದವು. ಅವುಗಳ ಬಾಯಿ ಚಿಕ್ಕದು. ಆದ್ದರಿಂದ ದಿಮ್ಮಿಯನ್ನು ಗಿಡ್ಡವಾಗಿ ಕೊಯ್ಯಬೇಕು, ತೆಳುವಾಗಿ ಸೀಳಬೇಕು. ಸೌದೆಯ ಖರ್ಚು ಇಳಿಯಿತು. ಅದರೊಡನೆ ಗರಗಸದ ಕೆಲಸವೂ ಸೀಳುವ ಕೆಲಸವೂ ಏರಿದವು. ಗಿಡ್ಡ ಕೊರಡನ್ನು ನಿಲ್ಲಿಸಿ ಮೇಲಿನಿಂದ ಹೊಡೆದು ಸೀಳುವುದು ಮನೆಯಂಗಳದ ದಿನನಿತ್ಯದ ಕೆಲಸವಾಯಿತು. ಈ ಕೆಲಸಕ್ಕೆ ಹೊಂದುವ ಆಯುಧವೇ ಬೆಣೆಯಂತೆ ಮುಂದೆ ಚೂಪಾಗಿ, ಸುತ್ತಿಗೆಯಂತೆ ಹಿಂದೆ ಚಪ್ಪಟೆಯಾಗಿರುವ ಸೀಳುಸುತ್ತಿಗೆ. ಇಲ್ಲಿನವರು ಅದನ್ನು ‘ಮಾಲ್’ ಎನ್ನುತ್ತಾರೆ. ನಮ್ಮ ಮಕ್ಕಳು ಹೋಗಲು ಹಂಬಲಿಸುವ ಮಾಲ್ ಇದಲ್ಲ ಎಂದು ಬೇರೆ ಹೇಳಬೇಕಿಲ್ಲ!

1880ರ ದಶಕದ ನಡುವಿನಲ್ಲಿ ಅಮೆರಿಕದಲ್ಲಿ ಕಲ್ಲಿದ್ದಲು ಸೌದೆಯನ್ನು ಹಿಂದಿಕ್ಕಿತು. ಬಳಿಕ ತೈಲ, ಅನಿಲ, ವಿದ್ಯುತ್ತು ಬಂದು ಸೌದೆ ಬಡವರ ಇಲ್ಲವೆ ಹಳ್ಳಿಗರ ಇಂಧನವೆನಿಸಿತು. 1973ರ ತೈಲ ನಿರ್ಬಂಧ ಈ ಚಿತ್ರವನ್ನು ತಿರುಗಿಸಿತು. ತೈಲದ ಬೆಲೆ ಏರಿದಾಗ ಮಧ್ಯಮ ವರ್ಗದವರು ಮತ್ತೆ ಸೌದೆಯ ಸ್ಟೋವ್‌ಗಳನ್ನು ಕೊಂಡರು. ಪೀಳಿಗೆಗಳ ಅಂತರದಲ್ಲಿ ಸೀಳುವ ವಿದ್ಯೆ ಮರೆತುಹೋಗಿದ್ದ ಕೈಗಳಿಗೆ ಅಂಗಡಿಗಳು ಬಗೆಬಗೆಯ ಆಯುಧಗಳನ್ನು ಒದಗಿಸಿದವು. ಲೋಹದ ಹಿಡಿಯ ಅತಿಭಾರದ ಮಾಲ್‌ಗಳು, ಎಣ್ಣೆಯ ಒತ್ತಡದಿಂದ ದಿಮ್ಮಿಯನ್ನು ಬೆಣೆಯ ಕಡೆಗೆ ತಳ್ಳುವ ಹೈಡ್ರಾಲಿಕ್ ಯಂತ್ರಗಳು ಮನೆಬಳಕೆಗೆ ಇಳಿದವು. ಹೊಗೆ ಹೆಚ್ಚಿದ್ದರಿಂದ 1988ರಲ್ಲಿ ಕೇಂದ್ರ ಪರಿಸರ ಸಂಸ್ಥೆ ಹೊಸ ಸ್ಟೋವ್‌ಗಳಿಗೆ ನಿಯಮ ಮಾಡಿತು. ಇತ್ತ ಫಿನ್ಲೆಂಡಿನಲ್ಲಿ, 1649ರಲ್ಲಿ ಕಬ್ಬಿಣದ ಕುಲುಮೆಯಾಗಿ ಹುಟ್ಟಿದ ಫಿಸ್ಕಾರ್ಸ್ ಸಂಸ್ಥೆ, ಹಗುರ ತಲೆಗೆ ಸಂಯುಕ್ತ ಪದಾರ್ಥದ ಹಿಡಿ ಕೂಡಿಸಿದ ಸೀಳುಗೊಡಲಿಗಳನ್ನು ಜಗತ್ತಿಗೆಲ್ಲ ಮಾರಿತು. ಹೀಗೆ ಅಂಗಡಿಯ ಗೋಡೆ ಇಂದಿನ ರೂಪಕ್ಕೆ ಬಂದಿದೆ.

ನಮ್ಮ ಊರಿನ ಸೌದೆ, ಅದನ್ನು ಒಡೆದವರು

ಇದೇ ಹೊತ್ತಿನಲ್ಲಿ ನಮ್ಮ ನಾಡಿನ ಸ್ಥಿತಿ ಬೇರೆಯಾಗಿತ್ತು. ಮೈಸೂರು, ಬೆಂಗಳೂರು, ಹುಬ್ಬಳ್ಳಿಗಳ ಬಡಾವಣೆಗಳಲ್ಲಿ ಸೌದೆ ಡಿಪೋಗಳಿದ್ದವು. ಸರ್ವೆ ಸೌದೆ, ಜಾಲಿ ಸೌದೆ, ಕಾಡು ಸೌದೆ ಎಂದು ತೂಗಿ ಮಾರುತ್ತಿದ್ದರು. ಅಡುಗೆಯ ಒಲೆಗೆ ಸಣ್ಣ ಸೀಳು, ಬಚ್ಚಲಿನ ಹಂಡೆಯೊಲೆಗೆ ದಪ್ಪ ಕೊರಡು. ಇಲ್ಲಿಯೂ ಆಯುಧವನ್ನು ನಿರ್ಧರಿಸುತ್ತಿದ್ದುದು ಒಲೆಯೇ. ಗಾಡಿಯಲ್ಲಿ ಬಂದ ಸೌದೆಯನ್ನು ಒಡೆಯಲು ಕೊಡಲಿ ಹೊತ್ತ ಆಳು ಬರುತ್ತಿದ್ದ. ಒಂದು ಕೊಡಲಿ, ಒಂದೆರಡು ಬೆಣೆ, ಒಂದು ಸುತ್ತಿಗೆ ಅವನ ಬಂಡವಾಳ. ಕಾಲಿಗೆ ಪಾದರಕ್ಷೆಯೂ ಇಲ್ಲದೆ, ಗಂಟು ಎಲ್ಲಿದೆ, ಬಿರುಕು ಎಲ್ಲಿ ಓಡುತ್ತದೆ ಎಂದು ಒಂದೇ ನೋಟದಲ್ಲಿ ಅಳೆದು ಅವನು ಏಟು ಹಾಕುತ್ತಿದ್ದ. ವಿದ್ಯಾವಂತ ಮನೆಗಳು ಅವನ ಕೂಲಿಯನ್ನು ಚೌಕಾಶಿ ಮಾಡಿದುವೇ ಹೊರತು ಅವನ ಕೈಯಲ್ಲಿದ್ದ ವಿದ್ಯೆಯನ್ನು ವಿದ್ಯೆಯೆಂದು ಎಣಿಸಲಿಲ್ಲ. ಮನೆಮನೆಗೂ ಅಡುಗೆಯ ಅನಿಲ ಬಂದಂತೆ ಅವನು ಬೀದಿಯಿಂದ ಮರೆಯಾದ. ಅವನ ಹೆಸರು ಯಾವ ಲೆಕ್ಕದ ಪುಸ್ತಕದಲ್ಲೂ ಇಲ್ಲ. ಇಂದು ಈ ದೇಶದಲ್ಲಿ ನಮ್ಮ ಸೌದೆಯನ್ನು ನಾವೇ ಸೀಳುವ ಹೊತ್ತಿನಲ್ಲಿ, ಆ ವಿದ್ಯೆಯನ್ನು ಅಂಗಡಿಯ ಕರಪತ್ರದಿಂದ ಕಲಿಯಬೇಕಾಗಿ ಬಂದಿದೆ.

ಆದರೆ ನಮ್ಮ ಪರಂಪರೆಯಲ್ಲಿ ಈ ಕಾಯಕಕ್ಕೆ ಗೌರವ ಸಲ್ಲಿಸಿದ ಅಧ್ಯಾಯವೂ ಉಂಟು. ಹನ್ನೆರಡನೆಯ ಶತಮಾನದ ಶರಣ ಮೋಳಿಗೆ ಮಾರಯ್ಯನವರು ಕಾಡಿನಿಂದ ಸೌದೆಯ ಹೊರೆ ತಂದು ಮಾರಿ, ಅದರಿಂದ ಬಂದುದರಲ್ಲಿ ಜಂಗಮದಾಸೋಹ ನಡೆಸುತ್ತಿದ್ದರು. ಮೋಳಿಗೆಯೆಂದರೆ ಸೌದೆಯ ಹೊರೆ. ಅವರು ಹಿಂದೆ ಕಾಶ್ಮೀರದ ಅರಸರಾಗಿದ್ದರೆಂದೂ, ಪತ್ನಿ ಮಹಾದೇವಿಯೊಡನೆ ಕಲ್ಯಾಣಕ್ಕೆ ಬಂದರೆಂದೂ ಪರಂಪರೆ ಹೇಳುತ್ತದೆ. ಅರಸೊತ್ತಿಗೆಯನ್ನು ಬಿಟ್ಟವನು ಸೌದೆಯ ಹೊರೆಯನ್ನು ತನ್ನ ಹೆಸರಾಗಿ ಹೊತ್ತ. ಆ ಹೆಸರೇ ಎಂಟು ಶತಮಾನಗಳಿಗೂ ಹೆಚ್ಚು ಕಾಲ ಬಾಳಿದೆ.

ಹಳ್ಳಿಗಳಲ್ಲಿ ಸೌದೆಯ ಭಾರ ಬಹುಮಟ್ಟಿಗೆ ಹೆಂಗಸರ ತಲೆಯ ಮೇಲೆ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಕಟ್ಟಿದ ‘ಅಸ್ತ್ರ’ ಘಟಕದವರು ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯನ್ನು ಅಭ್ಯಾಸ ಮಾಡಿದಾಗ, ಊರಿನ ಶಕ್ತಿಬಳಕೆಯಲ್ಲಿ ದೊಡ್ಡ ಪಾಲು ಅಡುಗೆಯ ಸೌದೆಯದೇ ಎಂದು ಕಂಡುಬಂತು. ಅದರಿಂದ ಹುಟ್ಟಿದ ‘ಅಸ್ತ್ರ ಒಲೆ’ ಕಡಿಮೆ ಸೌದೆ ಬೇಡುವ, ಹೊಗೆಯನ್ನು ಕೊಳವೆಯಿಂದ ಹೊರಗೆ ಕಳಿಸುವ ಒಲೆ. ಉಸಿರಾಟದ ರೋಗಗಳನ್ನು ಬಲ್ಲ ವೈದ್ಯರಿಗೆ ಇದರ ಬೆಲೆ ಗೊತ್ತು. ಒಮ್ಮೆಯೂ ಬೀಡಿ ಸೇದದ ಹೆಂಗಸರ ಶ್ವಾಸಕೋಶವನ್ನು ಒಲೆಯ ಹೊಗೆ ಕೆಡಿಸಬಲ್ಲದು. ಆದರೆ ಮುಚ್ಚಿದ ಒಲೆಯ ಬಾಯಿ ಕಿರಿದು. ಕಿರಿದಾದ ಬಾಯಿಗೆ ಸಣ್ಣದಾಗಿ ಸೀಳಿದ ಸೌದೆ ಬೇಕು. ಫ್ರಾಂಕ್ಲಿನ್ನರ ನಂತರ ಅಮೆರಿಕದಲ್ಲಿ ನಡೆದುದನ್ನೇ ಇದು ನೆನಪಿಸುತ್ತದೆ. ಒಲೆಯನ್ನು ಸುಧಾರಿಸುವವರು ಸೌದೆ ಸೀಳುವ ಕೈಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಹಾಗಾದರೆ ಯಾವುದನ್ನು ಆರಿಸಬೇಕು?

ಮೊದಲು ಒಲೆಯನ್ನು ನೋಡಿರಿ. ಹಬ್ಬಹರಿದಿನಕ್ಕೊಮ್ಮೆ ಉರಿಸುವ ಬೆಂಕಿಗೂಡು ನಿಮ್ಮದಾದರೆ, ಸೀಳಿದ ಸೌದೆಯನ್ನೇ ಕೊಂಡು, ಕಿಚ್ಚು ಹಿಡಿಸುವ ಸಣ್ಣ ಕಡ್ಡಿಗಳಿಗಾಗಿ ಒಂದು ಕೈಗೊಡಲಿ ಇಟ್ಟುಕೊಂಡರೆ ಸಾಕು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಏಕೆ ಎಂಬ ಗಾದೆ ಇಂಥ ಮನೆಗಳಿಗೇ ಹೇಳಿದ್ದು. ಚಳಿಗಾಲವೆಲ್ಲ ಸ್ಟೋವ್ ಉರಿಸುವ ಮನೆಗಾದರೆ ಸೀಳುಗೊಡಲಿ ಬೇಕು, ಜೊತೆಗೆ ಒಂದು ಸುತ್ತಿಗೆಯೂ ಎರಡು ಬೆಣೆಗಳೂ ಬೇಕು. ಎರಡು ಬೆಣೆ ಏಕೆಂದರೆ, ಒಂದು ಸಿಕ್ಕಿಕೊಂಡಾಗ ಅದನ್ನು ಬಿಡಿಸುವುದು ಇನ್ನೊಂದು. ವರ್ಷಕ್ಕೆ ಹಲವು ಕಾರ್ಡ್ ಸೀಳುವವರು ನೆರೆಯವರೊಡನೆ ಸೇರಿ ಹೈಡ್ರಾಲಿಕ್ ಯಂತ್ರವನ್ನು ಒಂದು ದಿನದ ಬಾಡಿಗೆಗೆ ತರುವುದು ವಿವೇಕ.

ಎರಡನೆಯದಾಗಿ ಮರವನ್ನು ನೋಡಿರಿ. ಆ್ಯಷ್, ಓಕ್ ಮರಗಳ ನೇರ ನಾರಿನ ತುಂಡುಗಳು ಸುಲಭವಾಗಿ ಸೀಳುತ್ತವೆ. 2002ರಲ್ಲಿ ಮಿಷಿಗನ್ನಿನಲ್ಲಿ ಪತ್ತೆಯಾದ ಹಸಿರು ಕೊರಕ ಹುಳುವಿನಿಂದ ಆ್ಯಷ್ ಮರಗಳು ಅಪಾರವಾಗಿ ಸತ್ತು ಸೌದೆಯಾಗಿವೆ. ಆ ಹುಳು ಹಬ್ಬದಿರಲೆಂದೇ ಸೌದೆಯನ್ನು ದೂರದ ಊರಿಗೆ ಸಾಗಿಸಬಾರದೆಂಬ ನಿಯಮ ಹಲವೆಡೆ ಇದೆ. ಎಲ್ಮ್ ಮರದ ನಾರು ಒಂದಕ್ಕೊಂದು ಹೆಣೆದುಕೊಂಡಿರುತ್ತದೆ. ಸೀಳಲು ಹೋದವರ ತಾಳ್ಮೆಯನ್ನು ಅದು ಪರೀಕ್ಷಿಸುತ್ತದೆ. ಸೀಳದಿರುವ ಆ ಗುಣಕ್ಕಾಗಿಯೇ ಗಾಡಿಯ ಚಕ್ರದ ಗುಂಭಕ್ಕೆ ಅದನ್ನು ಬಳಸುತ್ತಿದ್ದರು. ನಮ್ಮಲ್ಲಿ ಹುಣಸೆಯದೂ ಇದೇ ಸ್ವಭಾವ; ಅದಕ್ಕಾಗಿಯೇ ಕೊಚ್ಚುವ ದಿಮ್ಮಿಗೆ ಹುಣಸೆಯೇ ಆಗಬೇಕೆನ್ನುತ್ತಿದ್ದರು. ಗಂಟುಗಂಟಾದ ಇಂಥ ತುಂಡುಗಳನ್ನು ಬೆಣೆಗೆ ಇಲ್ಲವೆ ಯಂತ್ರಕ್ಕೆ ಬಿಡುವುದು ಲೇಸು. ಹೆಪ್ಪುಗಟ್ಟಿದ ಚಳಿಯಲ್ಲಿ ಹಸಿ ಮರವೂ ಚೆನ್ನಾಗಿ ಸಿಡಿಯುತ್ತದೆ. ಸೀಳಿದ ಮೇಲೆ ಗಾಳಿಯಾಡುವಂತೆ ಒಟ್ಟಿ, ಮರದ ತೇವ ಶೇಕಡ 20ಕ್ಕಿಂತ ಕೆಳಗಿಳಿಯುವವರೆಗೆ ಒಣಗಿಸಬೇಕು; ಓಕ್ ಮರಕ್ಕೆ ಒಂದು ವರ್ಷಕ್ಕಿಂತ ಹೆಚ್ಚು ಕಾಲವೂ ಬೇಕಾದೀತು. ಹಸಿ ಸೌದೆಯ ಹೊಗೆ ಮನೆಯವರ ಎದೆಗೂ ನೆರೆಯವರ ಎದೆಗೂ ಕೆಟ್ಟದ್ದು.

ಮೂರನೆಯದಾಗಿ, ಮತ್ತು ಮುಖ್ಯವಾಗಿ, ನಿಮ್ಮ ಮೈಯನ್ನು ನೋಡಿರಿ. ಎಂಟು ಪೌಂಡಿನ ಮಾಲ್ ಅಂಗಡಿಯಲ್ಲಿ ಗಂಡಸುತನದ ಗುರುತಿನಂತೆ ಕಾಣುತ್ತದೆ. ಆದರೆ ಏಟಿನ ಶಕ್ತಿ ತೂಕಕ್ಕೆ ಅನುಗುಣವಾಗಿ ಏರಿದರೆ, ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ತೂಕ ಇಮ್ಮಡಿಯಾದರೆ ಶಕ್ತಿ ಇಮ್ಮಡಿ; ವೇಗ ಇಮ್ಮಡಿಯಾದರೆ ಶಕ್ತಿ ನಾಲ್ಮಡಿ. ನಾಲ್ಕು ಪೌಂಡಿನ ಸೀಳುಗೊಡಲಿಯನ್ನು ಸರಾಗವಾಗಿ ಬೀಸಬಲ್ಲವರು, ಎಂಟು ಪೌಂಡನ್ನು ಏದುಸಿರಿನಿಂದ ಎತ್ತುವವರಿಗಿಂತ ಹೆಚ್ಚು ಸೌದೆ ಸೀಳುತ್ತಾರೆ. ಸೊಂಟದ ಮೂಳೆಗಳ ನಡುವಣ ಬಿಲ್ಲೆಗಳಿಗೂ ಅದೇ ಕ್ಷೇಮ. ಪರಶುರಾಮನ ಕೊಡಲಿ ಪುರಾಣದಲ್ಲಿ ಇರಲಿ. ಹಿಡಿ ತೀರ ಗಿಡ್ಡವಾಗಿದ್ದರೆ ತಪ್ಪಿದ ಏಟು ಮೊಣಕಾಲಿನತ್ತ ಬರುತ್ತದೆ. ಉದ್ದದ ಹಿಡಿಯಾದರೆ ನೆಲಕ್ಕೆ ಇಲ್ಲವೆ ಅಡಿಯ ದಿಮ್ಮಿಗೆ ಬೀಳುತ್ತದೆ. ಕೊರಡನ್ನು ಬರಿಯ ನೆಲದ ಮೇಲಿಡದೆ ಅಗಲವಾದ ತಗ್ಗು ದಿಮ್ಮಿಯ ಮೇಲಿಡಿ. ಗಟ್ಟಿ ಬೂಟು ಹಾಕಿ. ಕಣ್ಣಿಗೆ ರಕ್ಷಣೆಯ ಕನ್ನಡಕ ಕಡ್ಡಾಯ. ಉಕ್ಕಿನ ಬೆಣೆಯ ತಲೆ ಏಟು ತಿಂದು ಅಣಬೆಯಂತೆ ಅರಳಿದ್ದರೆ, ಅದರಿಂದ ಸಿಡಿದ ಚೂರು ಕಣ್ಣಿನ ಗುಡ್ಡೆಯೊಳಗೆ ಹೊಗಬಲ್ಲದು. ಆ ಅಂಚನ್ನು ಆಗಾಗ ಉಜ್ಜಿ ತೆಗೆಯಬೇಕು. ಸಾಧಾರಣ ಕೊಡಲಿಯ ಬೆನ್ನನ್ನು ಸುತ್ತಿಗೆಯಾಗಿ ಬಳಸಬಾರದು. ಆ ಕೆಲಸಕ್ಕಾಗಿಯೇ ಮಾಲ್‌ನ ಬೆನ್ನು ಇರುವುದು.

ಇನ್ನೊಂದು ಮಾತನ್ನು ವೈದ್ಯರಾಗಿ ಹೇಳದೆ ಬಿಡಲಾಗದು. ದಕ್ಷಿಣ ಏಷ್ಯಾದ ಮೂಲದವರಲ್ಲಿ ಹೃದಯದ ರಕ್ತನಾಳಗಳ ಕಾಯಿಲೆ ಇತರರಿಗಿಂತ ಬೇಗನೆ, ಚಿಕ್ಕ ವಯಸ್ಸಿನಲ್ಲಿಯೇ ಕಾಣಿಸಿಕೊಳ್ಳುತ್ತದೆ. ವಾರವಿಡೀ ಕುರ್ಚಿಯಲ್ಲಿ ಕುಳಿತಿದ್ದು, ಶನಿವಾರದ ಕೊರೆಯುವ ಚಳಿಯಲ್ಲಿ ಹಠಾತ್ತನೆ ಕೊಡಲಿ ಬೀಸುವುದು ಹೃದಯಕ್ಕೆ ಎರಡು ಬಗೆಯ ಪೆಟ್ಟು: ಚಳಿಗೆ ರಕ್ತನಾಳಗಳು ಬಿಗಿಯುತ್ತವೆ, ಶ್ರಮಕ್ಕೆ ರಕ್ತದ ಬೇಡಿಕೆ ಏರುತ್ತದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರು, ಐವತ್ತು ದಾಟಿದವರು ಆಯುಧ ಕೊಳ್ಳುವ ಮುನ್ನ ತಮ್ಮ ವೈದ್ಯರ ಸಲಹೆ ಕೇಳಲಿ. ಎದೆಯಲ್ಲಿ ಒತ್ತಡ, ತೋಳಿನಲ್ಲಿ ಸೆಳೆತ, ಅಕಾರಣವಾದ ಬೆವರು ಕಂಡರೆ ಕೊಡಲಿಯನ್ನು ಅಲ್ಲೇ ಬಿಟ್ಟು ತುರ್ತು ಸಹಾಯಕ್ಕೆ 911ಕ್ಕೆ ಕರೆಯಿರಿ. ಇನ್ನೊಂದೇ ಕೊರಡು ಉಳಿದಿದೆ ಎಂಬ ಹಟ ಬೇಡ.

ಆಯುಧಪೂಜೆಯ ದಿನ ಈ ದೇಶದಲ್ಲಿಯೂ ನಾವು ಕಾರಿಗೆ ಕುಂಕುಮ ಹಚ್ಚುತ್ತೇವೆ, ಗಣಕಯಂತ್ರಕ್ಕೂ ಹೂ 
ಮುಡಿಸುತ್ತೇವೆ. ಸೌದೆಯ ಮನೆಯ ಮೂಲೆಯಲ್ಲಿರುವ ಕೊಡಲಿಯನ್ನೂ ಅಂದು ಹೊರಗೆ ತರೋಣ. ಅದರ ಕಾವು ಸಡಿಲವಾಗಿದೆಯೇ ನೋಡಿ, ತುಕ್ಕು ಉಜ್ಜಿ, ಬಾಯಿಗೆ ಸಾಣೆ ಹಿಡಿದು, ಎಣ್ಣೆ ಸವರಿ, ಬಳಿಕ ಕುಂಕುಮ ಇಡೋಣ. ಮಕ್ಕಳು ಪಕ್ಕದಲ್ಲಿ ನಿಂತು ನೋಡಲಿ. ಬಳ್ಳಾರಿಯ ಕಪ್ಪು ಕಲ್ಲಿನಿಂದ ಹಿಡಿದು ಹೆಸರಿಲ್ಲದೆ ಮರೆಯಾದ ಸೌದೆ ಒಡೆಯುವವನವರೆಗೆ ಯಾರಾರ ಕೈದಾಟಿ ಈ ವಿದ್ಯೆ ನಮ್ಮ ಅಂಗಳಕ್ಕೆ ಬಂದಿದೆಯೆಂದು ಅವರಿಗೆ ತಿಳಿಯಲಿ.